ದಿನಕ್ಕೆ ಮೂರು ಲೋಪ

ಲಾಕ್‌ಡೌನ್ ವರ್ಷದ ಜುಲೈನಲ್ಲಿ ಶಿಕಾರಿಪುರದ ಒಂದು ಖಾಸಗಿ ಪ್ರೌಢಶಾಲೆ ತನ್ನ ಹನ್ನೊಂದು ಶಿಕ್ಷಕರನ್ನು ಮನೆಗೆ ಕಳಿಸಿ ಪಾಠವನ್ನು ಮೊಬೈಲಿಗೆ ಏರಿಸಿತು. ಸಂಬಳ ಅರ್ಧಕ್ಕೆ ಇಳಿಯಿತು, ಕಾವಲು ಮಾತ್ರ ದುಪ್ಪಟ್ಟಾಯಿತು. ಪಾಠ ನಡೆಯುವ ನಲವತ್ತು ನಿಮಿಷವೂ ಶಿಕ್ಷಕರ ಮುಖ ಪರದೆಯ ಮೇಲಿರಬೇಕು. ನೀರು ಕುಡಿಯಲು ಎದ್ದರೂ ಅರ್ಧ ದಿನದ ರಜೆ ಕಡಿತ. ಈ ನಿಯಮ ಬರೆದವರು ಆಡಳಿತ ಮಂಡಳಿಯ ಕಾರ್ಯದರ್ಶಿ ಚಂದ್ರಶೇಖರ್. ಮೂಲತಃ ಟೈಲ್ಸ್ ವ್ಯಾಪಾರಿ. ಸಾಲಾಗಿ, ಅಲುಗಾಡದೆ ಕೂತ ಯಾವುದನ್ನು ಕಂಡರೂ ಅವರ ಜೀವಕ್ಕೆ ಸಮಾಧಾನ.

ನಿಯಮ ಕಾಯಲು ಒಬ್ಬ ಮನುಷ್ಯ ಬೇಕಿತ್ತು. ಮೈದಾನಕ್ಕೆ ಬೀಗ ಬಿದ್ದು ಪಿ.ಟಿ. ಮೇಷ್ಟ್ರು ಮಹಾಂತೇಶ್ ಖಾಲಿ ಕೂತಿದ್ದರು. ಕಾರ್ಯದರ್ಶಿಗಳು ಅವರನ್ನೇ ಆನ್‌ಲೈನ್ ಮೇಲ್ವಿಚಾರಕರನ್ನಾಗಿ ಮಾಡಿದರು. ಹತ್ತೊಂಬತ್ತು ವರ್ಷ ಕಬಡ್ಡಿ ಆಡಿಸಿದ ಆ ಮನುಷ್ಯನಿಗೆ ಮೊಬೈಲಿನಲ್ಲಿ ಗೊತ್ತಿದ್ದದ್ದು ಹಸಿರು ಗುಂಡಿ, ಕೆಂಪು ಗುಂಡಿ, ಅಷ್ಟೇ. ಹಾಗಾಗಿ ಯಾರ ಮುಖ ಪರದೆಯಿಂದ ಮಾಯವಾದರೂ ಅವರು ತಮಗೆ ಬರುತ್ತಿದ್ದುದನ್ನೇ ಮಾಡಿದರು. ವಿಷಲ್ ಊದಿದರು. ಮೊದಲ ದಿನ ಒಂಬತ್ತನೇ ತರಗತಿಯ ಮಕ್ಕಳು ಅಭ್ಯಾಸಬಲದಿಂದ ತಂತಮ್ಮ ಮನೆಗಳಲ್ಲೇ ಎದ್ದು ಅಟೆನ್ಷನ್‌ನಲ್ಲಿ ನಿಂತುಬಿಟ್ಟವು.

ಕನ್ನಡ ಪಾಠ ಮಾಡುವ ನಾಗಶ್ರೀ ಆಗ ಸೊರಬ ತಾಲ್ಲೂಕಿನ ಕುಬಟೂರಿನಲ್ಲಿ, ಗಂಡನ ಮನೆಯಲ್ಲಿದ್ದಳು. ಅಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ಕೊಟ್ಟಿಗೆಯೊಳಗೆ ಒಂದೇ ಒಂದು ಜಾಗದಲ್ಲಿ, ಅದೂ ಎಮ್ಮೆಗೆ ಬೆನ್ನು ಕೊಟ್ಟು ಕೂತರೆ ಮಾತ್ರ. ಅವಳು ಸಂಧಿ ಬಿಡಿಸುತ್ತಿದ್ದರೆ ಎಮ್ಮೆ ಅವಳ ಹೆಗಲ ಮೇಲಿಂದ ಮೂತಿ ಚಾಚಿ ಮೊಬೈಲನ್ನು ದಿಟ್ಟಿಸುತ್ತಿತ್ತು. ಬೇರೆ ಪಾಠಗಳಿಗೆ ಹತ್ತು ಮಕ್ಕಳು ಬಂದರೆ ಕನ್ನಡಕ್ಕೆ ನಲವತ್ತೂ ಬರುತ್ತಿದ್ದವು.

ವಾರದೊಳಗೆ ಮೇಲ್ವಿಚಾರಕರ ವರದಿಯ ಮೇಲೆ ಕಾರ್ಯದರ್ಶಿಗಳ ನೋಟಿಸ್ ಬಂತು. "ತರಗತಿಯಲ್ಲಿ ಎಮ್ಮೆಯು ಉಪಸ್ಥಿತವಿದ್ದು ಶಿಸ್ತಿಗೆ ಭಂಗ ಬಂದಿರುತ್ತದೆ. ಎರಡು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು."

ಅತ್ತೆ ಗುತ್ಯಮ್ಮ ಹಾಲಿನ ಚೊಂಬು ಹಿಡಿದು ನಿಂತೇ ಕೇಳಿದರು. "ಎಂತದಂತೆ?"

"ಎಮ್ಮೆ ಯಾಕೆ ಕಾಣ್ಸುತ್ತೆ ಅಂತ ಕೇಳಿದಾರೆ ಅತ್ತೆ."

"ಕೊಟ್ಟಿಗೇಲಿ ಎಮ್ಮೆ ಕಾಣ್ದೆ ಮತ್ತೆಂತ, ಆ ಸೆಕ್ರೆಟ್ರಿ ಕಾಣ್ಬೇಕಿತ್ತಾ?"

ನಾಗಶ್ರೀ ಉತ್ತರ ಬರೆದಳು. "ಸದರಿ ಎಮ್ಮೆಯು ಕೊಟ್ಟಿಗೆಯ ಕಾಯಂ ನಿವಾಸಿ. ನಾನು ತಾತ್ಕಾಲಿಕವಾಗಿ ಅದರ ಸ್ಥಳದಲ್ಲಿ ಕೂತಿರುತ್ತೇನೆ. ಎಮ್ಮೆಯ ಕಡೆಯಿಂದ ಈವರೆಗೆ ಯಾವುದೇ ಆಕ್ಷೇಪಣೆ ಬಂದಿರುವುದಿಲ್ಲ."

ಆ ಸಂಜೆಯೇ ಮಹಾಂತೇಶ್ ಫೋನ್ ಮಾಡಿದರು. ಅವರಿಗಾಗಿ ನಾಲ್ಕು ಬೈಗುಳ ಆರಿಸಿಟ್ಟುಕೊಂಡಿದ್ದ ನಾಗಶ್ರೀ ಬಾಯಿ ತೆರೆಯುವ ಮೊದಲೇ ಅವರೇ ಶುರುಮಾಡಿದರು.

"ಮಿಸ್, ಬೈಬ್ಯಾಡ್ರೀ. ದಿನಕ್ಕ ಮೂರು ಲೋಪ ಹುಡುಕಿ ಬರೀಬೇಕಂತ. ಇಲ್ಲಾಂದ್ರ, ಗ್ರೌಂಡ್ ತೆಗದ ಮ್ಯಾಲ ನೋಡಾನ, ಈಗ ಮನೀಗ್ ಹೋಗ್ರಿ ಅಂದಾರ. ನಾ ಹೆಂಗ್ ಮಾಡ್ಲಿ? ನಿಮ್ಮ ಎಮ್ಮಿ ಬಿಟ್ರ ನಂಗೇನೂ ಸಿಗ್ಲಿಲ್ಲ."

ಸಿಟ್ಟು ಅಲ್ಲಿಗೇ ನಿಂತಿತು. ಇಷ್ಟು ದಿನ ತನ್ನನ್ನು ಕಾಯುತ್ತಿದ್ದಾನೆ ಎಂದುಕೊಂಡಿದ್ದ ಮನುಷ್ಯನ ಮೇಲೂ ಒಬ್ಬ ಕಾವಲಿನವ ಇದ್ದಾನೆ ಅನ್ನುವುದು ಅವಳಿಗೆ ಹೊಳೆದೇ ಇರಲಿಲ್ಲ.

"ಲೋಪ ತಾನೇ ಸಾರ್ ಬೇಕಿರೋದು? ನಾವೇ ಕೊಡ್ತೀವಿ ಬಿಡಿ," ಎಂದಳು.

ಉಳಿದ ಶಿಕ್ಷಕರಿಗೆಲ್ಲ ಫೋನ್ ಮಾಡಿ ಅವಳು ಲೋಪಗಳ ವೇಳಾಪಟ್ಟಿಯನ್ನೇ ಹಾಕಿದಳು. ದಿನಕ್ಕೆ ಮೂವರು, ಸರದಿಯ ಮೇಲೆ. ಷರತ್ತು ಇಷ್ಟೇ: ಕೆಲಸ ಹೋಗುವಷ್ಟು ದೊಡ್ಡದಿರಬಾರದು, ಓದುವವರಿಗೆ ಬೇಸರವಾಗುವಷ್ಟು ಸಣ್ಣದೂ ಇರಬಾರದು. ಮಹಾಂತೇಶ್ ಶ್ರದ್ಧೆಯಿಂದ ಬರೆದರು. ಗಣಿತದ ಶರತ್ ಸರ್ ಪ್ರಮೇಯದ ಮಧ್ಯೆ ಸೀನಿ, ಎಲ್ಲಿಗೆ ಬಂದಿದ್ದೆ ಎಂದು ಮಕ್ಕಳನ್ನೇ ಕೇಳಿರುತ್ತಾರೆ. ಹಿಂದಿ ಮೇಡಂ ಅವರ ಗೋಡೆಯ ಕ್ಯಾಲೆಂಡರ್ ಇನ್ನೂ ಮಾರ್ಚ್ ತಿಂಗಳಲ್ಲೇ ಇರುತ್ತದೆ. ವಿಜ್ಞಾನದ ಮೇಡಂ ಅವರ ಕುಕ್ಕರ್ ಮೇಲ್ವಿಚಾರಕರ ಅನುಮತಿ ಇಲ್ಲದೆ ಮೂರು ಬಾರಿ ವಿಷಲ್ ಹಾಕಿರುತ್ತದೆ.

ಎರಡು ವಾರ ಹೀಗೇ ನಡೆಯಿತು. ಶುಕ್ರವಾರದ ಪರಿಶೀಲನಾ ಸಭೆಯಲ್ಲಿ ಕಾರ್ಯದರ್ಶಿಗಳು ಹಿಗ್ಗಿ ಹೀರೇಕಾಯಿಯಾಗಿದ್ದರು.

"ನೋಡ್ರೀ, ಕಾವಲು ಇದ್ದಿದ್ದಕ್ಕ ಇಷ್ಟು ಲೋಪ ಸಿಕ್ಕಾವು. ಸೋಮವಾರದಿಂದ ದಿನಕ್ಕ ಆರು ಬೇಕು. ಹತ್ತು ಲೋಪ ಆದೋರ ಹೆಸ್ರು ಬರೋ ವರ್ಷದ ಪಟ್ಟ್ಯಾಗ ಇರಾಂಗಿಲ್ಲ."

ಹನ್ನೊಂದು ಚೌಕಗಳಲ್ಲಿ ಹನ್ನೊಂದು ಮುಖಗಳು ಬಿಳುಚಿದವು. ಸಭೆ ಮುಗಿದ ಕೂಡಲೇ ಶರತ್ ಫೋನ್ ಮಾಡಿ, "ನಿಮ್ಮ ತಮಾಷೆ ನಂಬಿ ನನ್ನ ಲೆಕ್ಕದಲ್ಲಿ ನಾಲ್ಕಾಗಿವೆ ಮೇಡಂ, ನಂಗೆ ಇಬ್ರು ಮಕ್ಳು," ಎಂದರು. ನಾಗಶ್ರೀಗೆ ನಗುನಗುತ್ತಾ ಎಲ್ಲರ ಕುತ್ತಿಗೆಗೂ ತಾನೇ ಹಗ್ಗ ಹೊಸೆದುಕೊಟ್ಟಂತಾಗಿತ್ತು. ಮರುದಿನ ಮಹಾಂತೇಶ್‌ಗೆ ತಾನೇ ಫೋನ್ ಮಾಡಿದಳು.

"ಇನ್ನ ಮ್ಯಾಲ ನಿಮ್ಮ ಯಾರ ಹೆಸ್ರೂ ಬರಿಯಾಂಗಿಲ್ಲ ಮಿಸ್," ಎಂದರು ಅವರು.

"ಮತ್ತೆ ಆರು ಎಲ್ಲಿಂದ ತರ್ತೀರಿ ಸಾರ್?"

"ನೋಡಾನ."

ಸೋಮವಾರದ ವರದಿ ಎಂದಿನಂತೆ ಕಾರ್ಯದರ್ಶಿಗಳೊಬ್ಬರಿಗೇ ಹೋಗಲಿಲ್ಲ. ಆಡಳಿತ ಮಂಡಳಿಯ ವಾಟ್ಸಾಪ್ ಗುಂಪಿಗೆ ಬಂತು, ಶಿಕ್ಷಕರೂ ಇದ್ದ ಗುಂಪಿಗೆ. ಆರೂ ಲೋಪ ಶುಕ್ರವಾರದ ಸಭೆಯವು.

"ಒಂದು, ಕಾರ್ಯದರ್ಶಿಗಳು ಹನ್ನೊಂದು ನಿಮಿಷ ತಡವಾಗಿ ಬಂದಿರುತ್ತಾರೆ. ಎರಡು, ಸಭೆಯ ಅರ್ಧ ಹೊತ್ತು ಮುಖದ ಬದಲು ಸೀಲಿಂಗ್ ಫ್ಯಾನ್ ತೋರಿಸಿರುತ್ತಾರೆ. ಮೂರು, ಮಂಡಕ್ಕಿ ತಿಂದಿರುತ್ತಾರೆ. ನಾಲ್ಕು, ನಡುವೆ ಗಿರಾಕಿಯೊಬ್ಬರಿಗೆ ಬಚ್ಚಲುಮನೆ ಟೈಲ್ಸ್‌ನ ದರ ಹೇಳಿರುತ್ತಾರೆ. ಐದು, ಎದ್ದು ನಿಂತಾಗ ಮೇಲೆ ಕೋಟು, ಕೆಳಗೆ ಪಟ್ಟಾಪಟ್ಟಿ ಚಡ್ಡಿ ಇರುತ್ತದೆ. ಆರು, ಇದನ್ನೆಲ್ಲ ಕಂಡೂ ಮೇಲ್ವಿಚಾರಕನು ಸುಮ್ಮನಿದ್ದುದು ಲೋಪವಾಗಿರುತ್ತದೆ. ಸಹಿ, ಮಹಾಂತೇಶ್."

ಸಂಜೆ ನಾಲ್ಕಕ್ಕೆ ಎಲ್ಲರೂ ಆನ್‌ಲೈನ್ ಬರಬೇಕೆಂದು ಅಧ್ಯಕ್ಷೆ ರಾಜೇಶ್ವರಮ್ಮನವರಿಂದ ಸಂದೇಶ ಬಂತು. ಶಾಲೆ ಕಟ್ಟಿಸಿದವರ ಸೊಸೆ, ಎಪ್ಪತ್ತು ದಾಟಿದ ಹೆಂಗಸು, ಸಭೆಗಳಲ್ಲಿ ಬಾಯಿ ಬಿಡುತ್ತಿದ್ದದ್ದು ವರ್ಷಕ್ಕೊಮ್ಮೆ. ಅವರು ಕನ್ನಡಕ ಏರಿಸಿ ಮೊಬೈಲನ್ನು ಹತ್ತಿರ ಹಿಡಿದುಕೊಂಡರು.

"ಚಂದ್ರಣ್ಣ, ಈ ಚಡ್ಡಿ ವಿಷ್ಯ ಖರೇನ?"

"ಅಮ್ಮಾರ, ಅದು... ನಾ ಮನ್ಯಾಗ ಇದ್ನಲ್ರೀ."

"ಅವ್ರೂ ಮನ್ಯಾಗೇ ಅದಾರಲ್ಲಪ್ಪಾ."

ಕಾರ್ಯದರ್ಶಿಗಳು ಇಂಟರ್ನೆಟ್ ಸರಿಯಿಲ್ಲ ಎಂದು ಏನೋ ಗೊಣಗಿ ಕ್ಯಾಮೆರಾ ಆರಿಸಿದರು. ಅದನ್ನು ಲೋಪವೆಂದು ಯಾರೂ ಬರೆದುಕೊಳ್ಳಲಿಲ್ಲ. ರಾಜೇಶ್ವರಮ್ಮ ಉಳಿದವರಿಗೆ, "ಮಕ್ಳಿಗೆ ಪಾಠ ತಿಳಿದ್ರ ಸಾಕು, ನಿಮ್ಮ ಮಾರಿ ನೋಡಿ ನಾವೇನ್ ಮಾಡಾನ," ಎಂದು ಸಭೆ ಮುಗಿಸಿದರು.

ಮುಖ ತೋರಿಸುವ ನಿಯಮ ಅಂದೇ ಬಿದ್ದುಹೋಯಿತು. ಮಹಾಂತೇಶ್‌ಗೆ ಬೆಳಿಗ್ಗೆ ಇಪ್ಪತ್ತು ನಿಮಿಷ ಮೊಬೈಲಿನಲ್ಲೇ ವ್ಯಾಯಾಮ ಮಾಡಿಸುವ ಕೆಲಸ ಸಿಕ್ಕಿತು. ಮಕ್ಕಳಿಗಿಂತ ಅವರ ಅಜ್ಜ ಅಜ್ಜಿಯರೇ ಹೆಚ್ಚು ಕೈಕಾಲು ಆಡಿಸಿದರು. ಕಾರ್ಯದರ್ಶಿಗಳು ಮಹಾಂತೇಶ್ ಅವರಿಂದ ಎರಡು ಪುಟದ ಕ್ಷಮಾಪಣೆ ಪತ್ರ ಬರೆಸಿಕೊಂಡು ಸೇಡು ತೀರಿಸಿಕೊಂಡರು. ಅರ್ಧ ಸಂಬಳ ಮಾತ್ರ ಮುಂದಿನ ವರ್ಷ ಶಾಲೆ ತೆರೆಯುವವರೆಗೂ ಅರ್ಧವೇ ಇತ್ತು. ಆದರೆ ಪಟ್ಟಿಯಲ್ಲಿ ಹನ್ನೊಂದೂ ಹೆಸರು ಉಳಿದವು.

ಸಭೆಯ ಮರುದಿನ ನಾಗಶ್ರೀ ಮಹಾಂತೇಶ್‌ಗೆ ಫೋನ್ ಮಾಡಿದಳು.

"ಕೆಲ್ಸ ಹೋಗಿದ್ರೆ ಎಂತ ಮಾಡ್ತಿದ್ರಿ ಸಾರ್?"

"ಬಂದಳಿಕ್ಯಾಗ ಅಣ್ಣನ ಹೊಲ ಐತಲ್ರೀ, ಮೆಕ್ಕೆಜೋಳ ಮುರೀತಿದ್ದೆ." ಆಮೇಲೆ ತಾವೇ ಸೇರಿಸಿದರು. "ಸುಳ್ಳ್ಯಾಕ ಹೇಳ್ಲಿ ಮಿಸ್, ಹೆದ್ರಿಕಿ ಆಗಿತ್ತು. ಕಳ್ಸಿದ ಮ್ಯಾಲ ಮೊಬೈಲ್ ಒಯ್ದು ಅಕ್ಕಿ ಡಬ್ಬ್ಯಾಗ ಹೂತಿಟ್ಟು ಮುಚ್ಚಳ ಹಾಕಿದ್ದೆ."

"ಅಕ್ಕಿ ಡಬ್ಬೀಲಿ ಯಾಕೆ ಸಾರ್?"

"ರಿಂಗ್ ಆದ್ರ ಕೇಳಬಾರ್ದು ಅಂತ. ಹೆಂಡ್ತಿ ಅನ್ನಕ್ಕ ಇಡಾಕ ಹೋಗಿ ಅಕ್ಕ್ಯಾಗ ಕೈ ಹಾಕಿದ್ಲು, ಹಸಿರು ಗುಂಡಿ ಒತ್ತಿಬಿಟ್ಟೈತಿ, ಕಿಟಾರಂತ ಚೀರಿದ್ಲು. ವರದಿ ಓದಿ ಫೋನ್ ಮಾಡಿದ್ದ ರಾಜೇಶ್ವರಮ್ಮಾರು ಡಬ್ಬಿ ಒಳಗಿಂದ ನಗಾಕ ಹತ್ತಿದ್ರಂತ್ರೀ."