ತೊಳೆದ ಕೈ

ನಾಲ್ವರು ಆಳುಗಳು ಪುಸ್ತಕದ ಪೆಟ್ಟಿಗೆಯನ್ನು ಜಗಲಿಯಿಂದ ಇಳಿಸುತ್ತಿದ್ದಾಗ ಸಣ್ಣತಾಯಮ್ಮ ಅದರ ಒಂದು ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

“ಇದ್ನ ಎಲ್ಗೆ ಒತ್ಕೊಂಡ್ ಓಯ್ತಿದ್ದೀರಿ ಗೌಡ್ರೆ?”

“ಗುಂಡಿಗೆ,” ಎಂದ ದೊಡ್ಡಸಿದ್ದಯ್ಯ, ತೀರಿಕೊಂಡ ಗುರುಬಸಮ್ಮನ ಮೈದುನ. “ಅತ್ಗೆ ಜೀವವೆಲ್ಲ ಇದ್ರಲ್ಲೇ ಇತ್ತು. ಮೇಲುಳುದ್ರೆ ಇದುಕ್ಕೋಸ್ಕರ ತಿರ‍್ಗಾ ಬತ್ತಾಳೆ. ಓದ್ಸಕ್ಕೆ ಅಂತ ಮಿಕ್ಕ ಮಕ್ಳನ್ನೂ ಮೂಗ್ರು ಮಾಡ್ತಾಳೆ, ಆಗ್ಲಿ ಅಂತೀಯಾ?”

ಓದು ಬಾರದ ಗೌಡರಿಗೆ ಪುಸ್ತಕದ ಭಯ ಮಾತ್ರ ಚೆನ್ನಾಗಿ ಬರುತ್ತಿತ್ತು. ಸಣ್ಣತಾಯಮ್ಮ ಹಿಡಿ ಬಿಟ್ಟಳು. ಗೌಡರ ಹೊಲದಲ್ಲಿ ಕೂಲಿ ಮಾಡುವವಳು ಇನ್ನೇನು ಮಾಡಿಯಾಳು?

ಬೆಳಗಿನಿಂದ ತಮಟೆ ಬಡಿಯುತ್ತಲೇ ಇತ್ತು. ನರಸೀಪುರದ ಸಂತೆಗೆ ಹೊರಟವರೂ ಅದನ್ನು ಕೇಳಿ ಗಾಡಿ ತಿರುಗಿಸಿದ್ದರು. ಸುದ್ದಿ ಮುಟ್ಟದೆ ಇದ್ದವರೆಂದರೆ ಊರಿನ ಐದು ಕಿವುಡು ಮಕ್ಕಳು. ಅವರಲ್ಲಿ ಸಣ್ಣತಾಯಮ್ಮನ ಮಗಳು ರಾಚಿಯೂ ಒಬ್ಬಳು. ಸಾವನ್ನು ಯಾವ ಸನ್ನೆಯಲ್ಲಿ ಹೇಳುವುದೆಂದು ತಿಳಿಯದೆ, ಮಲಗಿದ್ದ ಮಗಳನ್ನು ತಾಯಿ ಹಾಗೆಯೇ ಬಿಟ್ಟು ಬಂದಿದ್ದಳು.

*

ಪ್ಲೇಗಿನ ಬೆನ್ನಿಗೇ ಬಂದ ಜ್ವರ ಆ ಮಕ್ಕಳ ಕಿವಿಯನ್ನು, ಹಿಂದೆಯೇ ಮಾತನ್ನು ಕೊಂಡೊಯ್ದಿತ್ತು. ಮಕ್ಕಳಿಲ್ಲದ ವಿಧವೆ ಗುರುಬಸಮ್ಮ, ಇಂಥವರಿಗೂ ಓದು ಕಲಿಸುವುದನ್ನು ಮೈಸೂರಿನಲ್ಲಿ ಕಂಡು ಬಂದು, ತನ್ನ ಜಗಲಿಯಲ್ಲೇ ಶಾಲೆ ಹೂಡಿದಳು. ಚಿತ್ರವಿರುವ ಪುಸ್ತಕ ಸಿಗದಿದ್ದಾಗ ತಾನೇ ಮಾಡಿದಳು. ನಂಜನಗೂಡಿನಿಂದ ತಂದ ಬಟ್ಟೆಯೇ ಹಾಳೆ. ಒಂದು ಮಗ್ಗುಲಿಗೆ ದಾರದಲ್ಲಿ ಹೊಲಿದ ಹಸು, ಇನ್ನೊಂದಕ್ಕೆ ಹೊಲಿದ ಅಕ್ಷರ. ಪೆಟ್ಟಿಗೆ ತುಂಬಿದ ದಿನ ಅದಕ್ಕೆ ಪುಸ್ತಕ ಭಂಡಾರವೆಂದು ಹೆಸರಿಟ್ಟು, ಊರಿನವರ ನಗೆಗೆ ಗುರಿಯಾದಳು. ಕಟ್ಟುಪಾಡು ಒಂದೇ: ಮಕ್ಕಳು ಕೈ ತೊಳೆದು, ಅಂಗೈ ಚಾಚಿ ತೋರಿಸಬೇಕು. ಆಮೇಲೆ ಪುಸ್ತಕ.

ಒಂದು ಸಂಜೆ ರಾಚಿ ಪುಸ್ತಕವೊಂದನ್ನು ಮನೆಗೆ ತಂದಳು. ಹೊಲಿದ ಅಕ್ಷರದ ಮೇಲೆ ಬೆರಳಿಟ್ಟು, ಅದೇ ಬೆರಳನ್ನು ತಾಯಿಯ ಎದೆಗೆ ಒತ್ತಿದಳು. ಸಣ್ಣತಾಯಮ್ಮ ಗಾಬರಿಯಾಗಿ, ಮಗಳನ್ನೂ ಪುಸ್ತಕವನ್ನೂ ಎತ್ತಿಕೊಂಡು ಗುರುಬಸಮ್ಮನ ಜಗಲಿಗೆ ಓಡಿದಳು.

“ಇದೇನಮ್ಮಾರೆ ಇಂಗೆ ಮಾಡ್ತಾಳೆ?”

“ಅವ್ವ ಅಂತ ಬರ‍್ದದೆ. ನಿನ್ನ ಕೂಗ್ತಾವ್ಳೆ ಕಣೆ,” ಎಂದಳು ಗುರುಬಸಮ್ಮ.

ಜ್ವರ ಬಂದಂದಿನಿಂದ ಯಾರೂ ಸಣ್ಣತಾಯಮ್ಮನನ್ನು ಹಾಗೆ ಕೂಗಿರಲಿಲ್ಲ. ಅಂದು ಅವಳು ಮನಸಾರೆ ಅತ್ತಳು.

*

ಹೊಲದ ಗುಂಡಿಯಲ್ಲಿ ಗುರುಬಸಮ್ಮನನ್ನು ಕೂರಿಸಿ, ಹಣೆಗೆ ವಿಭೂತಿ ಬಳಿದು, ಪಕ್ಕಕ್ಕೆ ಪೆಟ್ಟಿಗೆ ಇಳಿಸಿದರು.

“ಒಂದೇ ಒಂದು ಕೊಡಿ ಗೌಡ್ರೆ,” ಎಂದಳು ಸಣ್ಣತಾಯಮ್ಮ. “ಅವ್ವ ಅಂತ ಇರೋದು.”

“ಮೊದ್ಲು ನಿನ್ ಬಾಗ್ಲಿಗೇ ಬತ್ತಾಳೆ, ನೋಡ್ಕೊ.”

“ಬರ‍್ಲಿ ಬುಡಿ. ಬಂದ್ರೆ ಮಣೆ ಆಕ್ತೀನಿ.”

ದೊಡ್ಡಸಿದ್ದಯ್ಯ ಮೊದಲ ಹಿಡಿ ಮಣ್ಣೆತ್ತಿದ. ಅಷ್ಟರಲ್ಲಿ ತಮಟೆಯವನ ಕೈ ತಾನಾಗಿಯೇ ನಿಂತಿತು.

ಬದುವಿನ ಮೇಲೆ ಐದು ಮಕ್ಕಳು ಸಾಲಾಗಿ ಬರುತ್ತಿದ್ದರು. ರಾಚಿ ಮುಂದಿದ್ದಳು. ಜಗಲಿ ಬರಿದಾಗಿದ್ದನ್ನು ಕಂಡು ಜನರಿದ್ದ ಕಡೆ ಹುಡುಕಿಕೊಂಡು ಬಂದಿದ್ದರು. ಅವರನ್ನು ಮುಟ್ಟಲು ಹೆದರಿದ ಜನ ಸರಿದು ದಾರಿ ಬಿಟ್ಟರು. ಮಕ್ಕಳು ಗುಂಡಿಯ ಅಂಚಿನಲ್ಲಿ ನಿಂತರು. ಒಳಗೆ ಕೂತಿದ್ದ ಗುರುಬಸಮ್ಮನನ್ನು ನೋಡಿದರು, ಪಕ್ಕದ ಪೆಟ್ಟಿಗೆಯನ್ನು ನೋಡಿದರು. ಆಮೇಲೆ ಐವರೂ ಗುಂಡಿಯ ಮೇಲೆ ಅಂಗೈ ಚಾಚಿದರು.

ಹೊಲದ ಪಕ್ಕದ ಕಾಲುವೆಯಲ್ಲಿ ಆಗತಾನೆ ತೊಳೆದ ಕೈಗಳು. ದೊಡ್ಡಸಿದ್ದಯ್ಯನ ಮಣ್ಣಿನ ಮುಷ್ಟಿ ಎತ್ತಿದಲ್ಲೇ ನಿಂತಿತ್ತು. ನೀರು ಪೆಟ್ಟಿಗೆಯ ಮುಚ್ಚಳದ ಮೇಲೆ ಟಪ್ ಟಪ್ಪೆಂದು ಬೀಳುವುದು ಆ ಮಕ್ಕಳನ್ನು ಬಿಟ್ಟು ಎಲ್ಲರಿಗೂ ಕೇಳಿಸುತ್ತಿತ್ತು.