ಯಮನವ್ವ ನೀರುಣಿಸಿದ ಗೋಡೆ

ಜತ್ತದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಉಮಾಶ್ರೀ ಸೋನ್ಯಾಳದ ಹಳೆಯ ಮೆಟ್ಟಿಲುಬಾವಿಗೆ ಮೂರು ವರ್ಷ ಬಂದದ್ದು ಬಾವಲಿಗಳನ್ನು ಎಣಿಸಲು. ಕಲ್ಲಿನ ಸಂದುಗಳಲ್ಲಿ ಇಲಿಬಾಲದ ಬಾವಲಿಗಳಿದ್ದವು. ಈ ಬೇಸಿಗೆಯಲ್ಲಿ ಕಲ್ಲು ಸಡಿಲಾಗಿ ಹುಡುಗರು ಬಿದ್ದಾರೆಂದು ಊರವರು ಬಾವಿಯ ಒಳಗೋಡೆಗೆ ಸಿಮೆಂಟು ಬಳಿಸುವ ಮಾತೆತ್ತಿದಾಗ ಅವಳಿಗೆ ದಿಗಿಲಾಯಿತು. ತಡೆಯೋಣವೆಂದರೆ, ಅಳಿವಿನ ಅಪಾಯ ಅಳೆಯುವ ಜಾಗತಿಕ ಕೆಂಪುಪಟ್ಟಿಯಲ್ಲಿ ಆ ಬಾವಲಿಯ ಬಗ್ಗೆ ಸದ್ಯ ಆತಂಕವಿಲ್ಲವೆಂದೇ ಬರೆದಿತ್ತು.

ಕೊನೆಯ ಸಲ ಎಣಿಸೋಣವೆಂದು ಹೋದ ದಿನ, ಪಕ್ಕದ ಹೊಲದ ಯಮನವ್ವ ಕುರಿಗಳಿಗೆ ನೀರು ಸೇದುತ್ತಿದ್ದಳು. ಸೇದಿದವಳು ಅರ್ಧ ಕೊಡವನ್ನು ಗೋಡೆಗಂಟಿದ ಒಣಪಾಚಿಯ ಕಪ್ಪು ಹಕ್ಕಳೆಯ ಮೇಲೆ ಸುರಿದಳು. ಅವಳ ಅತ್ತೆ ಮಲಕವ್ವ ಹಾಗೇ ಮಾಡುತ್ತಿದ್ದಳಂತೆ.

“ಸತ್ತದ್ದಕ್ಕ ಯಾಕ ನೀರು, ಆಯಿ?”

“ಸತ್ತಿಲ್ಲರಿ ಬಾಯಾರ. ಒಂದೀಟ ಕುಂದ್ರಿ.”

ಉಮಾಶ್ರೀ ಕುಳಿತಳು. ನೋಡನೋಡುತ್ತ ಸುರುಳಿಗಟ್ಟಿದ ಸಣ್ಣ ಎಲೆಗಳು ಬಿಚ್ಚಿಕೊಂಡು ಗೋಡೆ ಹಸಿರಾಯಿತು. ಇಷ್ಟು ವರ್ಷ ಅದಕ್ಕೇ ಬೆನ್ನು ಕೊಟ್ಟು ಕೂತು ಬಾವಲಿ ಎಣಿಸಿದ್ದೆನಲ್ಲ ಎಂದು ನಾಚಿದಳು. ಚೂರು ಪಾಚಿಯನ್ನು ಪುಣೆಯ ಪರಿಚಿತ ತಜ್ಞರಿಗೆ ಕಳಿಸಿದಳು. ಅದು ಹಯೋಫಿಲಾ, ಒದ್ದೆ ಗೋಡೆಗಳ ಸಾಮಾನ್ಯ ಪಾಚಿ. ಆದರೆ ಅದರ ಅಳಿವು ಉಳಿವನ್ನು ಯಾರೂ ಅಳೆದಂತಿಲ್ಲ ಎಂದು ಉತ್ತರ ಬಂತು.

ಗ್ರಾಮಸಭೆಯಲ್ಲಿ ಉಮಾಶ್ರೀ ಏನನ್ನೂ ದೊಡ್ಡದು ಮಾಡಿ ಹೇಳಲಿಲ್ಲ. ಬಾವಲಿ, ಪಾಚಿ ಎರಡೂ ಅಪರೂಪದವಲ್ಲ ಎಂದಳು. ಬಾವಲಿ ಹೊಟ್ಟೆಯಲ್ಲಿ ಕೊಬ್ಬು ಕೂಡಿಟ್ಟು ಕಷ್ಟದ ತಿಂಗಳು ಕಳೆಯುತ್ತದೆ; ಪಾಚಿ ಏನನ್ನೂ ಕೂಡಿಡದೆ ಒಣಗಿ ಕಾಯುತ್ತದೆ. ಒಂದಕ್ಕೆ ಆತಂಕವಿಲ್ಲ ಎಂದಿದ್ದಾರೆ, ಇನ್ನೊಂದನ್ನು ಕೇಳಿದವರೇ ಇಲ್ಲ. ಎರಡಕ್ಕೂ ಇಲ್ಲಿ ಇರುವುದು ಇದೊಂದೇ ಗೋಡೆ. ಆಗ ಯಮನವ್ವ ಎದ್ದಳು.

“ಗೋಡಿ ಗಟ್ಟಿ ಐತ್ರಿ. ಹುಡುಗ್ರು ಬೀಳಬಾರದಂದ್ರ ಮ್ಯಾಲ ಕಟ್ಟಿ ಕಟ್ರಿ. ಒಳಗಿನವ್ರನ್ನ ಯಾಕ ಎಬ್ಬಸ್ತೀರಿ?”

ಗಾರೆ ಕೆಲಸದ ಗೌಂಡಿ ಶಿವಲಿಂಗ ಮರುದಿನ ಬಾವಿಗಿಳಿದು ಕಲ್ಲು ತಟ್ಟಿ ನೋಡಿ, ಮುದುಕಿಯ ಮಾತು ಖರೆ ಎಂದ. ಸಿಮೆಂಟೆಲ್ಲ ಮೇಲಿನ ಕಟ್ಟೆಗೆ ಹೋಯಿತು.

ಉಮಾಶ್ರೀ ತನ್ನ ವರದಿಯ ಮೊದಲ ಪುಟದಲ್ಲಿ ಯಮನವ್ವನಿಗೂ ಮಲಕವ್ವನಿಗೂ ಋಣಿಯೆಂದು ಬರೆದು, ಹೊಲಕ್ಕೆ ಹೋಗಿ ಓದಿ ಹೇಳಿದಳು. ಯಮನವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಭಾಳ ಚಲೋ ಆತ್ರಿ. ನಮ್ಮತ್ತಿ ಹೆಸರು ಇನ್ನೊಮ್ಮೆ ಓದ್ರಿ.”

ಉಮಾಶ್ರೀ ಈ ಸಲ ನಿಧಾನವಾಗಿ ಓದಿದಳು.