ಹಿಮ ನಿಲ್ಲದ ಚಾವಣಿ

ಬೆಳಿಗ್ಗೆ ರೀಟ್ ಹಾಸಿಗೆಯಿಂದಲೇ ಹೇಳಿದಳು: "ಹಿಮ ಬಿದ್ದಿದೆ ಕಣೇ. ಬೀದಿಗೆ ಕಿವುಡು ಬಂದ ಹಾಗಿದೆ."

ಹುಟ್ಟುಕುರುಡಿ ಅಕ್ಕನ ಕಿವಿ ತಪ್ಪುವುದಿಲ್ಲವೆಂದು ಡಿಂಫಿಗೆ ಗೊತ್ತು. ಐಂಡ್‌ಹೋವನ್ ನಗರದ ಆ ಸಾಲುಮನೆಯಲ್ಲಿ ಈಗ ಅವರಿಬ್ಬರೇ. ಬಾಡಿಗೆ ಮನೆ, ವಸತಿ ಸಂಘದ್ದು. ಇಪ್ಪತ್ತಾರು ವರ್ಷಗಳಲ್ಲಿ ರೀಟ್ ಅದನ್ನು ಬಾಯಿಪಾಠ ಮಾಡಿಕೊಂಡಿದ್ದಳು: ಹದಿಮೂರು ಮೆಟ್ಟಿಲು, ಒಲೆಯಿಂದ ಮೇಜಿಗೆ ನಾಲ್ಕು ಹೆಜ್ಜೆ, ಮೆಟ್ಟಿಲ ಕಟಕಟೆಯ ತಿರುವಿನಲ್ಲಿ ಅವಳ ಹೆಬ್ಬೆರಳೇ ಸವೆಸಿದ ಗುಳಿ. ಬೇರೆಲ್ಲಿ ಹೋದರೂ ಗೋಡೆಗೆ ಬೆನ್ನು ಕೊಟ್ಟು ನಿಂತುಬಿಡುತ್ತಿದ್ದಳು.

ಬಾಗಿಲು ತಟ್ಟಿದವನು ಎದುರುಮನೆಯ ಶೆಫ್. ಕೈಯಲ್ಲಿ ಹಿಮ ಬಾಚುವ ಸಲಿಕೆ.

"ನಿನ್ನ ಚಾವಣಿ ನೋಡ್ಕೊಂಡ್ಯಾ ಡಿಂಫಿ? ಬೀದೀಗೆಲ್ಲ ಬಿಳಿ ಟೋಪಿ, ನಿಂದೊಂದೇ ಬೋಳುತಲೆ."

"ಮೆತ್ತಗೆ ಮಾತಾಡೋ."

"ನಾನು ಮೆತ್ತಗೆ ಮಾತಾಡಿದ್ರೆ ಹೆಂಚು ಸುಮ್ನಿರುತ್ತಾ? ಹೋಗಿ ದೀಪ ಆರ್ಸು ಮಾರಾಯ್ತಿ."

ಅಟ್ಟದಲ್ಲಿ ಬಿಸಿ ದೀಪಗಳ ಕೆಳಗೆ ಅರವತ್ತು ಗಾಂಜಾ ಗಿಡ. ಶುರುಮಾಡಿದ್ದು ಡಿಂಫಿಯ ಗಂಡ ಟೋನ್. ಅವನು ಸತ್ತಮೇಲೂ ಅವಳು ನಿಲ್ಲಿಸಿರಲಿಲ್ಲ, ಪಿಂಚಣಿಯಲ್ಲಿ ಇಬ್ಬರ ಹೊಟ್ಟೆ ತುಂಬುತ್ತಿರಲಿಲ್ಲ. ಸೊಪ್ಪು ಹೋಗುತ್ತಿದ್ದುದು ಗಾಂಜಾ ಮಾರುವ ಮೂಲೆಯಂಗಡಿಗೆ. ಅಂಗಡಿಯ ಮುಂಬಾಗಿಲಲ್ಲಿ ಯಾರು ಕೊಂಡರೂ ಪೊಲೀಸರು ಕೇಳುವುದಿಲ್ಲ. ಹಿಂಬಾಗಿಲಿಗೆ ತಂದು ಕೊಟ್ಟವರು ಮಾತ್ರ ಅಪರಾಧಿಗಳು. "ಹಾಲು ಮಾರ್ಬಹುದಂತೆ, ಹಸು ಕಟ್ಬಾರ್ದಂತೆ," ಎಂದು ಟೋನ್ ನಗುತ್ತಿದ್ದ. ಡಿಂಫಿಗೆ ಆ ನಗು ಬರುತ್ತಿರಲಿಲ್ಲ. ಶೆಫ್‌ನ ಮಗಳು ಆ ಅಂಗಡಿಯ ಗಿರಾಕಿ, ಹಗಲೆಲ್ಲ ಪರದೆ ಎಳೆದು ಮಲಗಿರುತ್ತಾಳೆ. ಅವಳು ಸೇದುವುದು ತನ್ನ ಅಟ್ಟದ್ದೇ ಇರಬಹುದೇ? ಕೇಳುವ ಧೈರ್ಯ ಎಂದೂ ಬಂದಿರಲಿಲ್ಲ.

ದೀಪದ ಬಿಸಿ ಹೆಂಚಿಗೆ ತಾಗದಂತೆ ಟೋನ್ ಅಡಿಯಲ್ಲಿ ಬಡಿದಿದ್ದ ಥರ್ಮಾಕೋಲ್ ಹಲಗೆಗಳಿಗೆ ಬೂಷ್ಟು ಹಿಡಿದಿತ್ತೆಂದು ಬೇಸಿಗೆಯಲ್ಲಿ ಅವಳೇ ಕಿತ್ತು ಎಸೆದಿದ್ದಳು. ಅಚ್ಚುಕಟ್ಟು ಅವಳ ಕಾಯಿಲೆ. ಮೂರು ಚಳಿಗಾಲದಿಂದ ಹಿಮವೇ ಬಿದ್ದಿರಲಿಲ್ಲ, ಆ ಹಲಗೆಗಳು ಏಕಿದ್ದವೆಂಬುದೇ ಮರೆತಿತ್ತು.

ದೀಪ ಆರಿಸಿದಳು. ಹಿತ್ತಿಲಿನಿಂದ ಬಕೆಟ್ಟಿನಲ್ಲಿ ಹಿಮ ಹೊತ್ತು ತಂದು ಅಟ್ಟದ ಕಿಟಕಿಯಿಂದ ಹೆಂಚಿನ ಮೇಲೆ ಎರಚಿದಳು. ಬೆಚ್ಚನೆಯ ಹೆಂಚಿನಿಂದ ಅದು ಜಾರಿ ರಸ್ತೆಗೆ ದೊಪ್ಪೆಂದು ಬಿತ್ತು. ಮತ್ತೆ ಎರಚಿದಳು. ಹಾದಿಹೋಕರು ನಿಂತು ಮೇಲೆ ನೋಡತೊಡಗಿದರು.

ಮಧ್ಯಾಹ್ನ ಪೊಲೀಸರು ಬಂದರು. ಗಿಡಗಳನ್ನು ಚೀಲಕ್ಕೆ ತುಂಬುತ್ತಿದ್ದವನನ್ನು ಡಿಂಫಿ ಕೇಳಿದಳು: "ಟಿಲ್ಬರ್ಗ್‌ನ ಅಂಗಡಿಗಳಿಗೆ ಸರ್ಕಾರವೇ ಲೈಸೆನ್ಸ್ ಕೊಟ್ಟು ಬೆಳೆಸ್ತಿದೆಯಂತಲ್ಲ ಸಾಹೇಬ್ರೆ. ರೈಲಲ್ಲಿ ಅರ್ಧ ಗಂಟೆ ದಾರಿ."

"ಅದು ಕಂಪನಿಗಳಿಗಮ್ಮ. ಕಾವಲು, ಕ್ಯಾಮೆರಾ ಎಲ್ಲ ಇರೋರಿಗೆ."

"ನಾನು ಅರ್ಜಿ ಹಾಕಿದ್ರೆ?"

ಅವನು ಅಟ್ಟದ ತೊಲೆಗಳನ್ನೊಮ್ಮೆ ನೋಡಿದ. "ಇಲ್ಲಮ್ಮ," ಎಂದ.

ಅವರು ಹೋದಮೇಲೆ ಡಿಂಫಿ ಅಕ್ಕನ ಪಕ್ಕ ಕುಳಿತಳು. "ಅಕ್ಕಾ, ಮೇಲೆ ಇದ್ದದ್ದು ಟೊಮೇಟೊ ಅಲ್ಲ."

"ನನಗೆ ಕಣ್ಣಿಲ್ಲ, ಮೂಗಿದೆ. ನೀನು ಟೊಮೇಟೊ ಅಂದೆ, ನಾನೂ ಹೂಂ ಅಂದೆ. ಮನೆ ಹೋಗುತ್ತಾ?"



ಮೂರನೇ ವಾರಕ್ಕೆ ಕಾಗದ ಬಂತು: ಮನೆಗೆ ಬೀಗ, ಬಾಡಿಗೆ ಕರಾರು ರದ್ದು. ಓಡಾಡಿ ಓಡಾಡಿ ರೀಟ್‌ಗೆ ದೂರದ ಊರಿನ ಅಂಧರ ಆಶ್ರಮವೊಂದರಲ್ಲಿ ಜಾಗ ಸಿಕ್ಕಿತು. ಅಲ್ಲಿ ತಂಗಿಯರನ್ನು ಇಟ್ಟುಕೊಳ್ಳುವುದಿಲ್ಲ. ಡಿಂಫಿಗೆ ಸದ್ಯ ಶೆಫ್‌ನ ಮನೆಯ ಸೋಫಾ, ಪರದೆ ಎಳೆದ ಕೋಣೆಯ ಪಕ್ಕದಲ್ಲಿ.

ಹೊರಡುವ ದಿನ ರೀಟ್ ಕೋಟು ತೊಟ್ಟು ಮೆಟ್ಟಿಲಿಳಿದಳು. ಎಂದೂ ಬಾಯಿಬಿಟ್ಟು ಎಣಿಸದವಳು ಅಂದು ಎಣಿಸುತ್ತ ಬಂದು ತಿರುವಿನಲ್ಲಿ ನಿಂತಳು. ಹೆಬ್ಬೆರಳು ಗುಳಿಯಲ್ಲಿತ್ತು.

"ಅಲ್ಲಿ ಎಷ್ಟು ಮೆಟ್ಟಿಲು?"

"ಅಲ್ಲಿ ಲಿಫ್ಟ್ ಇದೆ ಅಕ್ಕ."

"ಹಾಗಾದ್ರೆ ಕಲಿಯೋಕೆ ಏನೂ ಇಲ್ಲ," ಎಂದಳು ರೀಟ್. ಹೊರಗೆ ಟ್ಯಾಕ್ಸಿಯವನು ಎರಡು ಸಲ ಹಾರನ್ ಮಾಡಿದ. ಅವಳ ಬೆರಳು ಅಲ್ಲಿಂದ ಕದಲಲಿಲ್ಲ.